ಹಾಡು ನಿಲ್ಲಿಸುವವಳು

ಹೋದ ಭಾನುವಾರ ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ನಾವೊಂದಷ್ಟು ಹೆಂಗಸರು ಸ್ಟೇಜ್ ಹತ್ತಿ ಹಾಡಲು ಶುರು ಮಾಡಿದೆವು. ಶುರು ಚೆನ್ನಾಗಿಯೇ ಆಯಿತು. ನಿಲ್ಲಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ.

ನಗಬೇಡಿ. ನಿಜವಾಗಿಯೂ ಗೊತ್ತಾಗಲಿಲ್ಲ.

ಐದು ನಿಮಿಷ ಅಂತ ಹೇಳಿದ್ದರು. ಅದು ಯಾವಾಗಲೋ ಮುಗಿದಿತ್ತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಅತಿಥಿಗಳು ಮೊದಲು ತಲೆದೂಗಿದರು. ಆಮೇಲೆ ಗಡಿಯಾರ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈಕ್ ಹಿಡಿದ ನಿರೂಪಣೆಯ ಹುಡುಗಿ ಪರದೆಯ ಪಕ್ಕದಿಂದ ಮುಂದೆ ಬರುವುದು, ಹಿಂದೆ ಹೋಗುವುದು. ನಾವು ಹಾಡುತ್ತಲೇ ಇದ್ದೆವು.

ಹೀಗೆ ಯಾಕಾಯಿತು ಅಂತ ತಿಳಿಯಬೇಕಾದರೆ ನೀವು ಸ್ವಲ್ಪ ನಮ್ಮ ನರ್ಸರಿ ಒಳಗೆ ಬರಬೇಕು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಹಸಿರು ನೆಟ್ ಹೊದಿಸಿದ ದೊಡ್ಡ ಶೆಡ್ಡುಗಳು ಕಾಣುತ್ತವಲ್ಲ, ಅಂಥ ಒಂದರಲ್ಲಿ ನನ್ನ ಕೆಲಸ. ಟೊಮೆಟೊ, ಮೆಣಸಿನಕಾಯಿ, ಎಲೆಕೋಸು, ಚೆಂಡು ಹೂವು, ಎಲ್ಲದರ ಸಸಿಯೂ ಅಲ್ಲಿ ಏಳುತ್ತದೆ. ಕಪ್ಪು ಪ್ಲಾಸ್ಟಿಕ್ ಟ್ರೇ, ಅದರ ತುಂಬ ಸಣ್ಣ ಸಣ್ಣ ಗುಳಿ, ಗುಳಿಗೆ ತೆಂಗಿನ ನಾರಿನ ಪುಡಿ. ಬೆರಳಲ್ಲಿ ಒತ್ತಬೇಕು, ಒಂದು ಬೀಜ ಹಾಕಬೇಕು, ಮುಚ್ಚಬೇಕು. ಬೀಜ ಎಷ್ಟು ಸಣ್ಣದು ಅಂದರೆ ಕೆಮ್ಮಿದರೆ ಹಾರಿಹೋಗುತ್ತದೆ. ಅದರ ಬೆಲೆ ಕೇಳಿದರೆ ಕೆಮ್ಮೇ ಬರುವುದಿಲ್ಲ.

ಬೆಳಿಗ್ಗೆಯಿಂದ ಸಂಜೆ ತನಕ ಒತ್ತು, ಹಾಕು, ಮುಚ್ಚು. ಇದನ್ನು ಬಾಯಿ ಮುಚ್ಚಿಕೊಂಡು ಮಾಡಲು ಆಗುತ್ತದೆಯೇ? ನೀವು ಒಂದು ಗಂಟೆ ಮಾಡಿ ನೋಡಿ. ತಲೆಯೊಳಗೆ ಹುಳ ಓಡಾಡಲು ಶುರುವಾಗುತ್ತದೆ.

ಅದಕ್ಕೇ ಹಾಡು. ನಾನು ಒಂದು ಸಾಲು ಎತ್ತಿಕೊಡುತ್ತೇನೆ, ಆಗ ಎಲ್ಲರ ಬೆರಳು ಗುಳಿ ಒತ್ತುತ್ತದೆ. ಉಳಿದವರೆಲ್ಲ ಸೇರಿ ಸೊಲ್ಲು ಹೇಳುತ್ತಾರೆ, ಆಗ ಬೀಜ ಬೀಳುತ್ತದೆ. ಸೊಲ್ಲು ಯಾವಾಗಲೂ ಒಂದೇ, "ಬಾರವ್ವ ಮೊಳಕೆ, ಬಂದು ಬಿಸಿಲ ನೋಡವ್ವ." ಸಾಲು ಮಾತ್ರ ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು. ಯಾರ ಅಳಿಯ ಹೊಸ ಬೈಕ್ ತಂದ, ಯಾರ ಮನೆ ಕೋಳಿ ಕಾಣೆಯಾಯಿತು, ಬೆಳಿಗ್ಗೆ ನಲ್ಲಿ ಹತ್ತಿರ ಯಾರ ಕೊಡವನ್ನು ಯಾರು ಒದ್ದರು. ಎಲ್ಲರನ್ನೂ ಎಳೆದು ತರುತ್ತೇನೆ. ಸಿಟ್ಟು ಬಂದರೂ ಸೊಲ್ಲು ಬಿಡುವಂತಿಲ್ಲ, ಕೈಯಲ್ಲಿ ಬೀಜ ಇರುತ್ತದಲ್ಲ.

ನಾನು ಚೆನ್ನಾಗಿ ಹಾಡುತ್ತೇನೆ ಅಂದುಕೊಳ್ಳಬೇಡಿ. ನನ್ನದು ತುಕ್ಕು ಹಿಡಿದ ಗೇಟಿನ ಗಂಟಲು. (ಸತ್ತುಹೋದ ನನ್ನ ಗಂಡ ಇದ್ದಾಗಲೇ ಹೇಳಿದ್ದ. ಅವನು ಹೇಳಿದ ಕೆಲವೇ ನಿಜಗಳಲ್ಲಿ ಅದೂ ಒಂದು.) ಆದರೆ ಅಷ್ಟು ಗಂಟಲು ಸೇರಿದಾಗ ನನ್ನದು ಎಲ್ಲಿ ಹೋಗುತ್ತದೋ ನನಗೇ ತಿಳಿಯುವುದಿಲ್ಲ. ನನ್ನ ಉಸಿರು ಮುಗಿದ ಕಡೆ ಪಕ್ಕದವಳ ಉಸಿರು ಇರುತ್ತದೆ. ಅದರ ಮೇಲೆ ಒರಗಿಕೊಂಡು ನಾನು ಇನ್ನೊಂದು ಉಸಿರು ತಂದುಕೊಳ್ಳುತ್ತೇನೆ. ಮನೆಯಲ್ಲಿ ನಮಗೆ ಇಂಥ ಅನುಕೂಲ ಯಾರು ಮಾಡಿಕೊಟ್ಟಿದ್ದಾರೆ, ಹೇಳಿ?

ನಲ್ಲಿ ಹತ್ತಿರ ಜುಟ್ಟು ಹಿಡಿದುಕೊಂಡ ಇಬ್ಬರು ಹತ್ತು ಗಂಟೆಗೆ ಒಂದೇ ಸೊಲ್ಲು ಹೇಳುತ್ತಿರುತ್ತಾರೆ. ರಾಜಿ ಗೀಜಿ ಏನಿಲ್ಲ. ಸಂಜೆ ಮತ್ತೆ ಜಗಳ ಇದ್ದೇ ಇದೆ. ನಡುವೆ ಇಡೀ ಹಗಲು ಒಟ್ಟಿಗೆ ಉಸಿರಾಡಿರುತ್ತಾರೆ, ಅಷ್ಟೆ. ಅಷ್ಟು ಸಾಲದೇ?

ಈಗ ಮುಖ್ಯ ವಿಷಯ. ಈ ಹಾಡಿಗೆ ಕೊನೆ ಇಲ್ಲ. ಟ್ರೇ ಮುಗಿದಾಗ ಹಾಡು ಮುಗಿಯಬೇಕು. ಮುಗಿಯಿತು ಅಂತ ಹೇಳುವವಳು ಸಿದ್ದಮ್ಮ.

ಸಿದ್ದಮ್ಮ ಚಂದಕವಾಡಿ ಕಡೆಯವಳು. ನನಗಿಂತ ಸ್ವಲ್ಪ ಚಿಕ್ಕವಳು, ಮಾತು ಬಹಳ ಕಮ್ಮಿ. ಉದ್ದ ಟೇಬಲ್ಲಿನ ಆ ತುದಿಗೆ ಅವಳ ಸ್ಟೂಲು. ತನ್ನ ಟ್ರೇಗೆ ತಾನು ಬೀಜ ಹಾಕುತ್ತಾಳೆ, ನಾವು ತುಂಬಿದ ಟ್ರೇಗಳೂ ಅವಳ ಮುಂದೆಯೇ ಹೋಗಿ ಒಂದರ ಮೇಲೊಂದು ಕೂರುತ್ತವೆ. ಅಟ್ಟಿ ಪೂರ್ತಿಯಾಯಿತು ಅಂದರೆ, ಪುಡಿ ಸಮ ಮಾಡುವ ಮರದ ಪಟ್ಟಿ ತೆಗೆದುಕೊಂಡು ಟೇಬಲ್ಲಿಗೆ ಟಕ್ ಟಕ್ ಅಂತ ಎರಡು ಬಡಿಯುತ್ತಾಳೆ. ಎಲ್ಲರ ಬಾಯಿ ಅಲ್ಲಿಗೇ ಬಂದ್. ಸಾಲು ಅರ್ಧದಲ್ಲಿದ್ದರೂ ಬಂದ್.

ಅವಳು ಬಡಿಯದೆ ಬೇರೆ ಯಾರೂ ನಿಲ್ಲಿಸುವಂತಿಲ್ಲ. ಟ್ರೇ ನಡುವೆ ಹಾಡು ಬಿಟ್ಟರೆ ಬೀಜ ಮುನಿಸಿಕೊಳ್ಳುತ್ತದೆ ಅಂತ ನಮ್ಮ ನಂಬಿಕೆ. (ನೀವು ನಂಬಬೇಡಿ. ನಮಗೆ ಸಸಿ ಎದ್ದರೆ ಸಾಕು.)

ಈ ಸುಖಕ್ಕೆ ಮಳೆಗಾಲದ ಹೊತ್ತಿಗೆ ಕಲ್ಲು ಬಿತ್ತು. ಹೊಸ ಸೂಪರ್‌ವೈಸರ್ ಬಂದ. ಹೆಸರು ಮಹೇಶ, ಕುದೇರಿನ ಹುಡುಗ, ನನ್ನ ಮೊಮ್ಮಗನ ವಯಸ್ಸು. ನಾನು ಅವನಿಗೆ ಸಾರ್ ಅನ್ನಬೇಕು, ಅವನು ನನಗೆ ಅಜ್ಜಿ ಅನ್ನುತ್ತಾನೆ. ಕೆಟ್ಟವನಲ್ಲ. ಆದರೆ ಎಲ್ಲೋ ಟ್ರೈನಿಂಗ್ ಮುಗಿಸಿಕೊಂಡು ಬಂದಿದ್ದ. ಟ್ರೈನಿಂಗ್ ಮುಗಿಸಿ ಬಂದವರು ಮೊದಲು ಏನನ್ನಾದರೂ ನಿಲ್ಲಿಸುತ್ತಾರೆ, ನೀವು ಗಮನಿಸಿದ್ದೀರಾ?

ಕಸ್ಟಮರ್ ಬರುತ್ತಾರೆ, ಫೋನು ಕೇಳಿಸುವುದಿಲ್ಲ, ಇದೇನು ಮದುವೆ ಮನೆಯೇ, ಕೆಲಸದ ಜಾಗದಲ್ಲಿ ಡಿಸಿಪ್ಲಿನ್ ಇರಬೇಕು ಅಂದ. ಹಾಡು ಬಂದ್.

ನನ್ನ ಕಾಲು ಟೇಬಲ್ ಕೆಳಗೆ ತನ್ನಷ್ಟಕ್ಕೇ ಕುಣಿಯಲು ಶುರು ಮಾಡಿತು. ಎದ್ದು ಎದ್ದು ನೀರು ಕುಡಿದೆ. ಆಮೇಲೆ ಕುಡಿದ ನೀರಿಗೆ ಎದ್ದೆ. ಮನೆಗೆ ಹೋದರೆ ಅಲ್ಲೂ ಕೂರಲಾಗದು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. "ಯಾಕತ್ತೆಮ್ಮ, ಸೀರೆ ಒಳಕ್ಕೆ ಇರ್ವೆ ಬುಟ್ಕಂಡಿದ್ದೀರಾ?" ಅಂದಳು ಸೊಸೆ. ಇರುವೆಯಾದರೆ ಕೊಡವಿಕೊಳ್ಳಬಹುದು.

ಶೆಡ್ಡಿನಲ್ಲಿ ಒಬ್ಬೊಬ್ಬಳೂ ಸೆರಗಿನೊಳಗೆ ಫೋನು ಇಟ್ಟುಕೊಂಡು ಕಿವಿಗೆ ವೈರು ಸಿಕ್ಕಿಸಿದಳು. ಅದಕ್ಕೆ ಮಹೇಶನ ತಕರಾರಿಲ್ಲ, ಸದ್ದು ಹೊರಗೆ ಬರುವುದಿಲ್ಲವಲ್ಲ. ಒಬ್ಬಳ ಕಿವಿಯಲ್ಲಿ ಸಿನಿಮಾ ಹಾಡು, ಇನ್ನೊಬ್ಬಳ ಕಿವಿಯಲ್ಲಿ ದೇವರ ಹಾಡು. ಪಕ್ಕದವಳು ಅತ್ತರೂ ಈಚೆಯವಳಿಗೆ ಗೊತ್ತಾಗದು. ಸಂತೆಮರಹಳ್ಳಿಗೆ ಹೋಗುವ ಬಸ್ಸು ಹತ್ತಿ ನೋಡಿ, ಅಲ್ಲೂ ಇದೇ. ಬಸ್ ತುಂಬ ಜನ, ಎಲ್ಲರ ಕಿವಿಯೊಳಗೂ ಹಾಡು, ಯಾರ ಬಾಯಲ್ಲೂ ಇಲ್ಲ.

ಹಾಡುವುದು ಈಗ ಟೀವಿಯವರ ಕೆಲಸ ಆಗಿಬಿಟ್ಟಿದೆ. ಮಗು ಹಾಡುತ್ತದೆ, ಅದರ ಅಮ್ಮ ಅಳುತ್ತಾಳೆ, ಜಡ್ಜ್ ಅಳುತ್ತಾರೆ, ನೋಡುವ ನಮ್ಮ ಸೊಸೆಯೂ ಮೂಗು ಒರೆಸಿಕೊಳ್ಳುತ್ತಾಳೆ. ಒಂದು ಹಾಡಿಗೆ ಅಷ್ಟು ಜನ ಯಾಕೆ ಅಳಬೇಕು? ಮೊಮ್ಮಗಳಿಗೆ ಒಂದು ಹಾಡು ಹೇಳೇ ಅಂದರೆ ನನಗೆ ಬರುವುದಿಲ್ಲ ಅನ್ನುತ್ತಾಳೆ. ಬರುವುದಿಲ್ಲ ಅಂತ ಅವಳಿಗೆ ಯಾರು ಹೇಳಿದರು? ನಿನಗೆ ನಗಲು ಬರುತ್ತದಾ ಅಂತ ಯಾರಾದರೂ ಕೇಳುತ್ತಾರಾ?

ಇರಲಿ. ನನ್ನದು ಬರೀ ಚಡಪಡಿಕೆ. ಏಟು ಬಿದ್ದದ್ದು ಸಿದ್ದಮ್ಮನಿಗೆ.

ಅವಳಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದು ಬಾಕಿ ಇದೆ. ಬೀಜ ಕಾಣುವುದು ಅಷ್ಟಕ್ಕಷ್ಟೆ. ಹಾಡು ಇದ್ದಾಗ ಅವಳಿಗೆ ಕಣ್ಣು ಬೇಕಿರಲಿಲ್ಲ. ಸಾಲಿಗೆ ಒತ್ತು, ಸೊಲ್ಲಿಗೆ ಹಾಕು, ಕೈ ತಾನೇ ಮುಂದಿನ ಗುಳಿಗೆ ಹೋಗುತ್ತಿತ್ತು. ಹಾಡು ನಿಂತ ಮೇಲೆ ಕೈ ತಡವರಿಸಿತು. ಒಂದು ಗುಳಿಗೆ ಎರಡು ಬೀಜ, ಪಕ್ಕದ ಗುಳಿಗೆ ಇಲ್ಲ. ಹಾಕುವಾಗ ಅದು ಯಾರಿಗೂ ಕಾಣುವುದಿಲ್ಲ. ಸಸಿ ಎದ್ದಾಗ ಕಾಣುತ್ತದೆ, ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ. ಸಸಿ ಕೊಂಡವರು ಬೈದರು. ಮಹೇಶ ಯಾರ ಟ್ರೇ ಅಂತ ಹುಡುಕಿದ. ಸಿದ್ದಮ್ಮನನ್ನು ಟೇಬಲ್ಲಿನಿಂದ ಎಬ್ಬಿಸಿ ಶೆಡ್ಡಿನ ಹಿಂದಿನ ತೊಟ್ಟಿಗೆ ಹಾಕಿದ.

ಅಲ್ಲಿ ಖಾಲಿ ಟ್ರೇ ತೊಳೆಯುವುದು. ದಿನವಿಡೀ ಬ್ಲೀಚಿಂಗ್ ನೀರಿನಲ್ಲಿ ಕೈ. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಆ ತೊಟ್ಟಿಗೂ ಮೆಷಿನ್ ಬರುತ್ತದೆ ಅಂತ ಆಗಲೇ ಸುದ್ದಿ. ಮುಂದಿನ ಸೀಸನ್ನಿಗೆ ನೋಡೋಣ ಅಂತ ಮಹೇಶ ಅವಳಿಗೆ ಹೇಳಿದ್ದ. ನೋಡೋಣ ಅಂದರೆ ಏನರ್ಥ ಅಂತ ಕೂಲಿ ಮಾಡುವವರಿಗೆ ಬಿಡಿಸಿ ಹೇಳಬೇಕೇ?

ನಾನು ಹೋಗಿ ಅವನ ಮುಂದೆ ನಿಂತೆ. ಹಾಡು ಇದ್ದರೆ ಅವಳ ಕೈ ತಪ್ಪುವುದಿಲ್ಲ ಅಂದೆ.

"ಅಜ್ಜಿ, ಕಣ್ಣಿಗೂ ಹಾಡಿಗೂ ಏನ್ ಸಂಬಂಧ?" ಅಂದ.

ವಾಪಸು ಬಂದು ಕೂತೆ. ಕಾಲು ಕುಣಿಯಿತು.

ಆಗ ಬಂತು ನೋಡಿ ಮೇಲಿನಿಂದ ಆರ್ಡರು. ಕಂಪನಿಯ ಎಲ್ಲಾ ನರ್ಸರಿಗಳೂ ಚಾಮರಾಜನಗರದಲ್ಲಿ ಸೇರಿ ಒಂದು ಫಂಕ್ಷನ್ ಮಾಡುತ್ತವೆ, ಒಂದೊಂದು ನರ್ಸರಿಯ ಕೆಲಸಗಾರರೂ ಒಂದು ಗ್ರೂಪ್ ಸಾಂಗ್ ಹಾಡಲೇಬೇಕು, ಗೆದ್ದವರಿಗೆ ಶೀಲ್ಡು. ಮಹೇಶ ತಲೆ ಕೆರೆದುಕೊಂಡು ನಮ್ಮ ಟೇಬಲ್ ಹತ್ತಿರ ಬಂದ.

"ಅಜ್ಜಿ, ನೀವೆಲ್ಲ ಮೊದ್ಲು ಹಾಡ್ತಿದ್ರಲ್ಲ, ಅದೇ..."

"ಯಾವ್ದು ಸಾರ್? ಡಿಸಿಪ್ಲಿನ್ ಇಲ್ದೇ ಇರಾದಾ?"

ಹೆಂಗಸರೆಲ್ಲ ಟ್ರೇ ಮೇಲೆ ಬಗ್ಗಿಬಿಟ್ಟರು. ಬೀಜ ಹಾಕುವುದಕ್ಕೆ ಅಷ್ಟು ಬಗ್ಗಬೇಕಾಗಿಲ್ಲ.

ಪ್ರತಿ ಶನಿವಾರ ಸಂಜೆ ಅಭ್ಯಾಸ. ಪೇಟೆಯಿಂದ ಕೀಬೋರ್ಡ್ ಮಾಸ್ತರು ಬಂದರು. ನಮ್ಮನ್ನು ಎತ್ತರ ನೋಡಿ ಸಾಲಾಗಿ ನಿಲ್ಲಿಸಿದರು. ಅರ್ಧ ಜನಕ್ಕೆ ಕೆಳಗಿನ ದನಿ, ಅರ್ಧ ಜನಕ್ಕೆ ಮೇಲಿನ ದನಿ. ಬೇರೆ ಬೇರೆ ಹೋಗಿ ಸೊಲ್ಲಿನಲ್ಲಿ ಬಂದು ಕೂಡಬೇಕು. ಸುಳ್ಳು ಯಾಕೆ, ಮೊದಲ ಸಲ ಸರಿಯಾಗಿ ಕೂಡಿದಾಗ ಎಲ್ಲರೂ ಹಾಡು ಬಿಟ್ಟು ನಕ್ಕುಬಿಟ್ಟೆವು. ನನ್ನ ಹಿಂದೆ ನಿಲ್ಲುವ ತೆರಕಣಾಂಬಿಯ ಪುಟ್ಟತಾಯಿ "ಮೈಯೆಲ್ಲಾ ಜುಮ್ ಅಂತು ಕಣಕ್ಕ" ಅಂದಳು. ದಿನವೆಲ್ಲ ಬಗ್ಗಿದ್ದ ಸೊಂಟ ನೆಟ್ಟಗೆ ನಿಂತಿತ್ತು. ಹಾಡುವಾಗ ಸೊಂಟ ಬಗ್ಗಿಸಲು ಆಗುವುದಿಲ್ಲ, ಅದೂ ಒಂದು ಲಾಭ.

ಮಾಸ್ತರು ಮೂರು ನುಡಿ ಗೊತ್ತು ಮಾಡಿ ನನಗೆ ಬಾಯಿಪಾಠ ಮಾಡಿಸಿದರು. "ಮೂರನೆಯದು ಆದ ಮೇಲೆ ನಾನು ಕೈ ಎತ್ತುತ್ತೇನೆ, ಅಲ್ಲಿಗೆ ನಿಲ್ಲಿಸಿ" ಅಂದರು. ಹೂಂ ಅಂದೆವು. ಆದರೆ ಒಂದು ಶನಿವಾರವೂ ಅಲ್ಲಿಯವರೆಗೆ ಹೋಗಲಿಲ್ಲ. ಅಷ್ಟರಲ್ಲಿ ಮನೆಗೆ ಬಿಡುವ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ, ಎಲ್ಲರೂ ಬುತ್ತಿ ಚೀಲ ಹಿಡಿದು ಓಡುತ್ತಿದ್ದೆವು.

ಸಿದ್ದಮ್ಮನನ್ನೂ ಸೇರಿಸಿ ಅಂತ ಕೇಳಿದೆ. ಟೇಬಲ್ಲಿನವರು ಮಾತ್ರ, ಸ್ಟೇಜಿಗೆ ಇಷ್ಟು ಜನ ಸಾಕು ಅಂದ ಮಹೇಶ. ಅವಳನ್ನು ಕೇಳಿದರೆ, "ನಂಗ್ಯಾಕವ್ವ ಸ್ಟೇಜು? ಊಟ ಆಕ್ತಾರಲ್ಲ, ಬತ್ತೀನಿ ಬುಡು" ಅಂದಳು.

ಹಾಗೆ ಭಾನುವಾರ ಬಂತು. ಚೆಂಡು ಹೂವಿನ ಬಣ್ಣದ ಸೀರೆ ಉಟ್ಟು ನಾವು ಸ್ಟೇಜಿನ ಮೇಲೆ ನಿಂತೆವು. ಲೈಟು ಕಣ್ಣಿಗೇ ಹೊಡೆಯುತ್ತಿತ್ತು. ಮಾಸ್ತರು ಎಲ್ಲೋ ಪಕ್ಕದ ಕತ್ತಲೆಯಲ್ಲಿ. ಕೈಯಲ್ಲಿ ಟ್ರೇ ಇಲ್ಲ, ಕೈ ಎಲ್ಲಿಡಬೇಕು ಅಂತ ಯಾರಿಗೂ ಗೊತ್ತಿಲ್ಲ. ತಿರುಗಿ ನೋಡಿದರೆ ಪುಟ್ಟತಾಯಿಯ ಬೆರಳು ತನ್ನ ತೊಡೆಯ ಮೇಲೆ ಗುಳಿ ಒತ್ತುತ್ತಿತ್ತು.

ಒಂದನೇ ನುಡಿ, ಎರಡನೇ ನುಡಿ, ಮೂರನೇ ನುಡಿ. ಮಾಸ್ತರು ಕೈ ಎತ್ತಿದರಂತೆ. ನಮಗೆಲ್ಲಿ ಕಾಣಬೇಕು? ಕೀಬೋರ್ಡು ನಿಂತಿತು. ಕೀಬೋರ್ಡ್ ಕೇಳಿಕೊಂಡು ಹಾಡಿದ್ದು ಯಾರು? ಹಿಂದಿನವರು ಸೊಲ್ಲು ಮುಗಿಸಿ ನನ್ನ ಸಾಲಿಗೆ ಕಾದರು. ವರ್ಷಗಟ್ಟಲೆಯ ರೂಢಿ, ಅವರು ಕಾದರೆ ನಾನು ಕೊಡಲೇಬೇಕು. ಬಡಿತ ಬೀಳಲಿಲ್ಲವಲ್ಲ. ಕೊಟ್ಟೆ. ಅವರು ಸೊಲ್ಲು ಹೇಳಿದರು. ಮತ್ತೆ ಕಾದರು.

ಬಾಯಿಪಾಠ ಮುಗಿದಿತ್ತು. ಕಣ್ಣಿಗೆ ಬಿದ್ದದ್ದನ್ನೇ ಹಾಡಿದೆ.

"ಶಾಲು ಹೊದ್ದ ದೊರೆಗೆ ಸೆಕೆ ಆಗ್ತದೆ."

ಬಾರವ್ವ ಮೊಳಕೆ, ಬಂದು ಬಿಸಿಲ ನೋಡವ್ವ.

"ಊಟದ ಮನೇಲಿ ಪಾಯ್ಸ ಆರ್ತದೆ."

ಬಾರವ್ವ ಮೊಳಕೆ, ಬಂದು ಬಿಸಿಲ ನೋಡವ್ವ.

ಮಂಟಪದಲ್ಲಿ ನಗು. ಜನ ಚಪ್ಪಾಳೆಯಲ್ಲೇ ತಾಳ ಹಾಕಿದರು. ಅದು ಇನ್ನೂ ಕಷ್ಟಕ್ಕೆ ಬಂತು. ಮಹೇಶನ ಹಲ್ಲು ಬಿಳಿ, ಮೈಕ್ ಹುಡುಗಿ ಮುಖ ಬಿಳಿ, ಏನೇನೋ ಹಾಡಿದೆ. ಸೊಲ್ಲಿನ ನಡುವೆ ಪುಟ್ಟತಾಯಿ ನನ್ನ ಸೊಂಟ ಚಿವುಟಿ ಕಿವಿಯಲ್ಲಿ ಕೇಳಿದಳು, "ಅಕ್ಕ, ಬಡಿಯೋರು ಯಾರು?"

ಆಗ ಹೊಳೆಯಿತು. ಸೀರೆ ತಂದಿದ್ದೆವು, ಹೂವು ತಂದಿದ್ದೆವು. ಹಾಡಿನ ಕೊನೆಯನ್ನು ತರುವುದನ್ನೇ ಮರೆತಿದ್ದೆವು. ಅದು ಕೆಳಗೆ ಕುರ್ಚಿಯ ಮೇಲೆ ಎಲ್ಲೋ ಊಟಕ್ಕೆ ಕಾಯುತ್ತಾ ಕೂತಿತ್ತು.

"ಕೊನೇ ಸ್ಟೂಲಿನ ಸಿದ್ದಮ್ಮ, ಎಲ್ಲಿದ್ದೀಯವ್ವ?" ಅಂತ ಹಾಡಿದೆ.

ಸೊಲ್ಲು ಶುರುವಾಯಿತು. ಅದು ಮುಗಿಯುವ ಮೊದಲೇ ಮಂಟಪದ ಹಿಂದಿನ ಸಾಲಿನಿಂದ, ಕಬ್ಬಿಣದ ಕುರ್ಚಿಗೆ ಸ್ಟೀಲ್ ಬಾಟಲಿ ಬಡಿದ ಸದ್ದು. ಟಕ್ ಟಕ್.

ಎಲ್ಲರ ಬಾಯಿ ಬಂದ್.

ಆಮೇಲೆ ಬಂತು ಚಪ್ಪಾಳೆ. ಜನ ಎದ್ದು ನಿಂತಿದ್ದರು. ಶಾಲಿನವರು ಭಾಷಣದಲ್ಲಿ ನಮ್ಮ ಎಂಡಿಂಗ್ ಅನ್ನೇ ಹೊಗಳಿದರು, ಜನರ ನಡುವೆ ಒಬ್ಬರನ್ನು ಕೂರಿಸಿದ್ದು ಒಳ್ಳೆಯ ಐಡಿಯಾ ಅಂದರು. ಮಹೇಶ ಹೌದು ಹೌದು ಅಂತ ತಲೆಯಾಡಿಸಿದ. ಶೀಲ್ಡು ನಮಗೇ ಬಂತು. ಫೋಟೋದಲ್ಲಿ ಅವನು ಹಿಡಿದುಕೊಂಡ.

ವಾಪಸು ವ್ಯಾನಿನಲ್ಲಿ ಸಿದ್ದಮ್ಮ ನನ್ನ ಪಕ್ಕ ಕೂತಳು.

"ಅಷ್ಟೊತ್ತು ಯಾಕವ್ವ ಕರೀಲಿಲ್ಲ?" ಅಂದಳು. "ಪಾಯ್ಸ ದಿಟವಾಗ್ಲೂ ಆರೋಗಿತ್ತು."

ಇಲ್ಲಿಗೆ ಮುಗಿಸಿದರೆ ಕಥೆ ಚೆನ್ನಾಗಿರುತ್ತದೆ ಅಂತ ಗೊತ್ತು. ನನಗೆ ಮುಗಿಸಲು ಆಗುತ್ತಿಲ್ಲ. ಮಾರನೆ ದಿನ ಹೋದರೆ ಶೀಲ್ಡು ಮಹೇಶನ ರೂಮಿನ ಗಾಜಿನ ಹಿಂದೆ ನಮ್ಮ ಕಡೆ ಮುಖ ಮಾಡಿ ಕೂತಿತ್ತು. ಅದರ ಎದುರು ನಾವು ಬಾಯಿ ಮುಚ್ಚಿಕೊಂಡು ಬೀಜ ಹಾಕಬೇಕು. ಸಿದ್ದಮ್ಮ ಅದೇ ತೊಟ್ಟಿಯಲ್ಲಿ ಅದೇ ಕೈ ಮುಳುಗಿಸಿ ನಿಂತಿದ್ದಳು. ಹಾಡುವುದು ಒಳ್ಳೆಯದಂತೆ. ಭಾನುವಾರ, ಸ್ಟೇಜಿನ ಮೇಲೆ, ಸೀರೆ ಉಟ್ಟು. ಸೋಮವಾರ ಡಿಸಿಪ್ಲಿನ್. ಇದಕ್ಕೆ ನೀವೇನು ಅನ್ನುತ್ತೀ‌ರೋ ಗೊತ್ತಿಲ್ಲ. ನನ್ನ ಕಾಲು ಮತ್ತೆ ಕುಣಿಯಲು ಶುರು ಮಾಡಿತು.

ಈ ವಾರದ ಮಟ್ಟಿಗೆ ಅವಳು ಟೇಬಲ್ಲಿಗೆ ವಾಪಸಾಗಿದ್ದಾಳೆ. ಮುಂದಿನ ಸೀಸನ್ನಿಗೆ ಏನೋ, ನೆನೆದರೆ ಎದ್ದು ಓಡಾಡಬೇಕು ಅನ್ನಿಸುತ್ತದೆ. ವಾಪಸಾದದ್ದು ಹೇಗೆ ಅಂತ ಮಾತ್ರ ಹೇಳಿಬಿಡುತ್ತೇನೆ.

ಸೋಮವಾರ ನಾನು ಯಾರನ್ನೂ ಕೇಳಲಿಲ್ಲ. ಸಾಲು ಎತ್ತಿದೆ. ಕಿವಿಯ ವೈರುಗಳು ಒಂದೊಂದಾಗಿ ಕೆಳಗಿಳಿದವು. ಸೊಲ್ಲು ಬಂತು.

ಮಹೇಶ ರೂಮಿನಿಂದ ಹೊರಗೆ ಬಂದ. ಅದೇ ಹೊತ್ತಿಗೆ ಸಸಿ ಒಯ್ಯಲು ಕೇರಳದ ವ್ಯಾನು ಬಂದು ನಿಂತಿತ್ತು, ಡ್ರೈವರ್ ಇಳಿದು ಹಲ್ಲು ಕಿರಿದುಕೊಂಡು ಕೇಳುತ್ತಿದ್ದ. ಅವನ ಮುಂದೆ ಕೂಗಾಡಲು ಮಹೇಶನಿಗೆ ಸಂಕೋಚ. ನನ್ನ ಹತ್ತಿರ ಬಗ್ಗಿ, ಅಜ್ಜಿ, ದಮ್ಮಯ್ಯ, ನಿಲ್ಲಿಸಿ ಅಂದ.

ನಾನು ಹಾಡಿನಲ್ಲೇ ಹೇಳಿದೆ, "ನಿಲ್ಸೋಳು ತೊಟ್ಟಿ ತಾವ ನಿಂತವ್ಳೆ ಸಾರ್."

ಬಾರವ್ವ ಮೊಳಕೆ, ಬಂದು ಬಿಸಿಲ ನೋಡವ್ವ.

ನಾವು ಎಷ್ಟು ಹೊತ್ತು ಹಾಡಬಲ್ಲೆವು ಅಂತ ಅವನು ಭಾನುವಾರವಷ್ಟೇ ಕಣ್ಣಾರೆ ಕಂಡಿದ್ದ. ನಿಂತ, ನಮ್ಮನ್ನು ನೋಡಿದ, ಶೀಲ್ಡು ನೋಡಿದ. ಆಮೇಲೆ ತಾನೇ ತೊಟ್ಟಿಯ ಕಡೆ ನಡೆದ.

ಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ಮರದ ಪಟ್ಟಿ ಅಲ್ಲೇ ಇತ್ತು. ಬಡಿಯಿರಿ ಅಂದ ಮಹೇಶ. ಅವಳು ಅದನ್ನು ಮುಟ್ಟಲಿಲ್ಲ. ಖಾಲಿ ಟ್ರೇ ಒಂದನ್ನು ಮುಂದಕ್ಕೆ ಎಳೆದುಕೊಂಡು, ನನ್ನ ಸಾಲಿಗೆ ಬೆರಳು ಒತ್ತಿ, ಸೊಲ್ಲಿಗೆ ಬೀಜ ಹಾಕಿ, ತಲೆ ಎತ್ತದೆಯೇ ಕೇಳಿದಳು:

"ಟ್ರೇ ತುಂಬ್ಲಿಲ್ವಲ್ಲ ಸಾರ್, ಎಂಗೆ ಬಡೀಲಿ?"